ಟೆಸ್ಟ್ ಪ್ಲಾಂಟ್‌ನವರೇ ಮಾಡಿದ್ರೆ ಎನ್‌ಆರ್‌ಸಿ ಏನ್ ನೋಡುತ್ತೆ?
ಅಮೆರಿಕದ ಅಣು ಸ್ಥಾವರದಲ್ಲಿ ಸೇಫ್ಟಿ ಉಪಕರಣನ ಕಂಪನಿಯವರೇ ಟೆಸ್ಟ್ ಮಾಡ್ಕೋತಾರಲ್ಲ, ಹಾಗಾದ್ರೆ ಎನ್‌ಆರ್‌ಸಿ, ಅಂದ್ರೆ ಅಲ್ಲಿನ ಅಣು ಸ್ಥಾವರಗಳ ಮೇಲೆ ಕಣ್ಣಿಡೋ ಸರ್ಕಾರಿ ನಿಯಂತ್ರಣ ಸಂಸ್ಥೆ, ಯಾಕಿದೆ ಅಂತ ಕೇಳಿದೀರಿ. ನ್ಯಾಯವಾದ ಪ್ರಶ್ನೆ. ಟೆಸ್ಟ್ ಮಾಡೋರು ಅವರೇ ನಿಜ, ಆದ್ರೆ ಏನು, ಎಷ್ಟು ದಿನಕ್ಕೊಮ್ಮೆ ಅನ್ನೋದು ಲೈಸೆನ್ಸ್ ಷರತ್ತಿನ ಕಟ್ಟುಪಾಡಿನೊಳಗೇ ಇರುತ್ತೆ, ಜೊತೆಗೆ ಎನ್‌ಆರ್‌ಸಿ ಇನ್ಸ್‌ಪೆಕ್ಟರ್‌ಗಳು ಸ್ಥಾವರದಲ್ಲೇ ಕೂತಿರ್ತಾರೆ, ಕೆಲವು ಟೆಸ್ಟ್‌ಗಳನ್ನ ಪಕ್ಕದಲ್ಲೇ ನಿಂತು ನೋಡ್ತಾರೆ.

ಅವರು ಮುಖ್ಯವಾಗಿ ಹಿಡಿಯೋ ವಿಷಯಗಳಲ್ಲಿ ಒಂದು ಹೇಳ್ತೀನಿ. ಒಂದು ವಾಲ್ವ್ ಎಷ್ಟು ಸೆಕೆಂಡಲ್ಲಿ ಮುಚ್ಚುತ್ತೆ ಅಂತ ಅಳೀಬೇಕು ಅಂದ್ಕೊಳ್ಳಿ, ಅಳೆಯೋಕೆ ಮುಂಚೆ ಅದನ್ನ ತೆರೆದು ಮುಚ್ಚೋ ದಂಡಕ್ಕೆ (ಸ್ಟೆಮ್‌ಗೆ) ಗ್ರೀಸ್ ಹಚ್ಚಿ ಎರಡು ಸಲ ಆಡಿಸಿಬಿಟ್ರೆ ಟೆಸ್ಟ್ ಪಾಸ್ ಆಗುತ್ತೆ, ಆದ್ರೆ ನಿನ್ನೆ ರಾತ್ರಿ ಅವಘಡ ಆಗಿದ್ರೆ ಅದು ಮುಚ್ತಿತ್ತಾ ಅನ್ನೋದು ಗೊತ್ತೇ ಆಗಲ್ಲ. ಅದಕ್ಕೇ ಇದ್ದದ್ದು ಇದ್ದ ಹಾಗೇ ಟೆಸ್ಟ್ ಮಾಡಿ ಅಂತಾರೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಜೀವಾಳ ಇದೇ.

ಟೆಸ್ಟ್ ಪಾಸ್ ಆದ್ರೂ ಸಾಲಲ್ಲ ಅನ್ನೋದಕ್ಕೆ ಅಮೆರಿಕದ ಡೇವಿಸ್-ಬೆಸ್ಸಿ ಅಣು ಸ್ಥಾವರದಲ್ಲಿ 1985ರಲ್ಲಿ ಆದ ಘಟನೆ ನೋಡಿ. ಸ್ಟೀಮ್ ಜನರೇಟರ್‌ಗೆ ನೀರು ಕೊಡೋ ವಾಲ್ವ್‌ಗಳು ತಪ್ಪಾಗಿ ಮುಚ್ಕೊಂಡು, ಕಂಟ್ರೋಲ್ ರೂಮಿಂದ ತೆರೆಯೋಕೇ ಆಗ್ಲಿಲ್ಲ, ಆಪರೇಟರ್‌ಗಳು ಓಡಿಹೋಗಿ ಕೈಯಲ್ಲಿ ತಿರುಗಿಸಿ ತೆರೆದ್ರು. ಒತ್ತಡ ಇಲ್ಲದಾಗ ಸಲೀಸಾಗಿ ಓಡೋ ವಾಲ್ವ್ ನಿಜವಾದ ಒತ್ತಡದಲ್ಲಿ ಸಿಕ್ಕಾಕೋಬಹುದು, ಅದಕ್ಕೇ 1989ರಲ್ಲಿ ಎನ್‌ಆರ್‌ಸಿ ಎಲ್ಲಾ ಸ್ಥಾವರಗಳಿಗೂ ಪತ್ರ ಬರೆದು ಮೋಟಾರಿಂದ ಓಡೋ ವಾಲ್ವ್‌ಗಳನ್ನ ಸಾಧ್ಯವಾದ ಕಡೆಯೆಲ್ಲ ಆ ಒತ್ತಡದಲ್ಲೇ ಟೆಸ್ಟ್ ಮಾಡೋಕೆ ಹೇಳ್ತು.

ಹೊರಗಿನ ಕರೆಂಟ್ ಹೋದಾಗ ಕೈಹಿಡಿಯೋ ಡೀಸೆಲ್ ಜನರೇಟರ್‌ದೂ ಅಷ್ಟೇ, ಸ್ಟಾರ್ಟ್ ಆದ್ರೆ ಮುಗೀಲಿಲ್ಲ, ಲೋಡ್ ಹಾಕಿ 24 ಗಂಟೆ ಓಡಿಸೋ ಟೆಸ್ಟೂ ಇದೆ. ಪದೇ ಪದೇ ಫೇಲ್ ಆದ್ರೆ 1996ರಿಂದ ಜಾರಿಯಲ್ಲಿರೋ ಎನ್‌ಆರ್‌ಸಿಯ ಮೇಂಟೆನೆನ್ಸ್ ರೂಲ್ (ನಿರ್ವಹಣಾ ನಿಯಮ) ಪ್ರಕಾರ ಕಾರಣ ಹುಡುಕಿ, ಗುರಿ ಇಟ್ಕೊಂಡು ಸರಿ ಮಾಡ್ಲೇಬೇಕು. ಇನ್ಸ್‌ಪೆಕ್ಷನ್ ವರದಿಗಳು ಎನ್‌ಆರ್‌ಸಿ ವೆಬ್‌ಸೈಟಲ್ಲೇ ಸಿಗುತ್ತೆ, ನಿಮಗೆ ಬೇಕಾದ ಸ್ಥಾವರದ್ದು ತೆಗೆದು ಓದಿ.