ಮಲಿಕ್ ಅಂಬರ್ ಸಾಕು, ಅಜ್ಜಿ ಬೇಕು

ನಮಸ್ಕಾರ,

ಆಫ್ರಿಕಾದಿಂದ ಬಂದು ಇಲ್ಲೇ ನೆಲೆಸಿದ ನಿಮ್ಮ ಸಿದ್ದಿ ಜನರ ಬಗ್ಗೆ ನೀವು ಕಳಿಸಿದ ‘ನಮ್ಮ ಬೇರು ಆಫ್ರಿಕಾದಲ್ಲಿ’ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೇ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಮಲಿಕ್ ಅಂಬರ್. ‘ನಾವು ಅವನ ಕುಲದವರು’ ಅಂದಿದ್ದೀರಿ. ಅಂಬರ್ ಇಥಿಯೋಪಿಯಾದವನು, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಅಹಮದ್‌ನಗರ ಸೇರಿದ, ಅಲ್ಲೇ ದೊಡ್ಡ ಸೇನಾನಿಯಾಗಿ 1626ರಲ್ಲಿ ತೀರಿಕೊಂಡ. ನಿಮ್ಮ ಯಲ್ಲಾಪುರದ ಸಿದ್ದಿಯರು ಬಂದ ದಾರಿಯೇ ಬೇರೆ. ಪೋರ್ಚುಗೀಸರು ಹಡಗಿನಲ್ಲಿ ಗೋವಾಕ್ಕೆ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಎಷ್ಟೋ ಜನ. 2011ರ ಡಿಎನ್‌ಎ ಅಧ್ಯಯನದಲ್ಲೂ ಸಿದ್ದಿಯರ ನಂಟು ಸಿಕ್ಕಿದ್ದು ಆಫ್ರಿಕಾದಲ್ಲಿ ಬಾಂಟು ಭಾಷೆಗಳನ್ನು ಆಡುವ ಜನರ ಜೊತೆ; ಅಂಬರ್‌ನ ಇಥಿಯೋಪಿಯಾ ಆ ಭಾಷೆಗಳ ನಾಡಲ್ಲ. ಓಡಿ ಬಂದವರ ಹೆಸರನ್ನು ಯಾರೂ ಬರೆದಿಡಲಿಲ್ಲ ಅನ್ನೋ ಸಂಕಟ ನನಗೂ ತಟ್ಟಿತು. ಆದರೆ ಆ ಖಾಲಿ ಜಾಗದಲ್ಲಿ ಅಂಬರ್‌ನನ್ನು ತಂದು ಕೂರಿಸಿದರೆ, ಕಾಡಿನ ದಾರಿ ಹಿಡಿದ ನಿಮ್ಮ ಸ್ವಂತ ಹಿರಿಯರು ಇನ್ನೊಂದು ಸಲ ಮರೆಯಾಗುತ್ತಾರೆ, ಅಲ್ವಾ?

‘ಡಿಎನ್‌ಎ ಟೆಸ್ಟ್ ಮಾಡಿಸಿದರೆ ಪೂರ್ವಜರ ಹಳ್ಳಿಯ ಹೆಸರು ಸಿಗುತ್ತದೆ’ ಅನ್ನುವ ಸಾಲು ತೆಗೆಯಿರಿ. ಯಾವ ಜನರ ಜೊತೆ ರಕ್ತದ ನಂಟಿದೆ ಅಂತ ಅಂದಾಜು ಸಿಗಬಹುದು, ಹಳ್ಳಿ ಸಿಗಲ್ಲ.

ಬರಹಕ್ಕೆ ಜೀವ ಬರುವುದು ಐದನೇ ಪುಟದಲ್ಲಿ. ಅಜ್ಜಿ ಜಗುಲಿ ಮೇಲೆ ಹಳೇ ಸೀರೆ ತುಂಡುಗಳನ್ನು ಹರಡಿಕೊಂಡು ಕವಂದಿ (ಕೌದಿ) ಹೊಲಿಯುತ್ತಾರೆ, ಮೂಲೆಗೆ ‘ಫೂಲ್’ (ಮಡಿಚಿದ ಬಟ್ಟೆ ತುಂಡು) ಇಡುವುದನ್ನು ನೀವು ಮರೆತಾಗ ‘ಬೆತ್ತಲೆ ಬಿಡ್ತೀಯೇನೇ ಅದನ್ನ?’ ಅಂತ ಗದರುತ್ತಾರೆ. ನಾನು ಅಲ್ಲಿ ನಿಂತುಬಿಟ್ಟೆ. ಅಲ್ಲಿಂದಲೇ ಶುರು ಮಾಡಿ. ಯಾವ ತುಂಡು ಯಾರ ಬಟ್ಟೆಯದು, ಹೊಲಿಯುವಾಗ ಅಜ್ಜಿ ಏನು ಗುನುಗುತ್ತಿದ್ದರು, ಅವರ ಕೊಂಕಣಿಯಲ್ಲಿ ನಿಮಗೆ ತಿಳಿಯದ ಮಾತು ಯಾವುದು, ಎಲ್ಲಾ ಬೇಕು. ಚೆಂದ ಕಾಣಲಿ ಅಂತ ಸುಮ್ನೆ ವಿಶೇಷಣ ಸೇರಿಸಬೇಡಿ, ಈಗಲೇ ಜಾಸ್ತಿ ಇವೆ.

2003ರಲ್ಲಿ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಸರ್ಟಿಫಿಕೇಟ್‌ಗಾಗಿ ಅಪ್ಪ ಎಷ್ಟು ಸಲ ಅಲೆದರು? ಅದನ್ನೂ ಬರೆಯಿರಿ.

ಇನ್ನೊಂದು. ಮನೆಯಲ್ಲಿ ಹಿರಿಯರ ಪೂಜೆ ಮಾಡುತ್ತೀರಿ ಅಂದಿದ್ದೀರಿ. ಆಗ ಯಾರ್ಯಾರ ಹೆಸರು ಹೇಳುತ್ತಾರೆ? ಎಷ್ಟು ತಲೆಮಾರು ಹಿಂದೆ ಹೋಗಿ ಹೆಸರು ನಿಂತುಹೋಗುತ್ತದೆ? ಅಜ್ಜಿಯನ್ನು ಈ ವಾರವೇ ಕೇಳಿ, ಅವರು ಹೇಳಿದ ಕ್ರಮದಲ್ಲೇ ಬರೆದು ಕಳಿಸಿ.