ಜೇನುನೊಣಗಳು ಬಂದು ನೋಡುತ್ತವೆ, ಹಿಂಡು ನೆಲೆಸುವುದಿಲ್ಲ

ಪ್ರಶ್ನೆ: ಗೂಡಿನಿಂದ ಪಾಲಾಗಿ ಹೊರಡುವ ಮೆಲ್ಲಿಫೆರಾ (ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನುನೊಣ) ಹಿಂಡನ್ನು ಹಿಡಿಯಲೆಂದು ಹಳೆಯ ಹಲಗೆಗಳಿಂದ ಪೆಟ್ಟಿಗೆ ಮಾಡಿ, ಹಳೆಯ ಎರಿಗಳನ್ನು (ನೊಣಗಳು ಮೇಣದಿಂದ ಕಟ್ಟಿದ ಹುಟ್ಟುಗಳನ್ನು) ತುಂಬಿ ಮರಕ್ಕೆ ಕಟ್ಟಿದ್ದೇನೆ. ನೊಣಗಳು ಬಂದು ಇಣುಕುತ್ತವೆಯೇ ಹೊರತು ಹಿಂಡು ಬಂದಿಲ್ಲ. ಏನು ಮಾಡಬೇಕು?

ಉತ್ತರ: ಎರಿಗಳನ್ನು ತುಂಬಿರುವುದೇ ಮುಖ್ಯ ಕಾರಣವಿರಬಹುದು. ಹಿಂಡು ಹೊಸ ನೆಲೆಯನ್ನು ಆರಿಸುವ ಮೊದಲು ಶೋಧಕ ನೊಣಗಳು ಪೊಟರೆಯ ಕತ್ತಲಲ್ಲಿ ಗೋಡೆಗಳ ಮೇಲೆ ಓಡಾಡಿ, ಒಳಗಿನ ಖಾಲಿ ಜಾಗವನ್ನು ಅಂದಾಜು ಮಾಡುತ್ತವೆ. ಪೆಟ್ಟಿಗೆ ಭರ್ತಿಯಾಗಿದ್ದರೆ ಅವುಗಳ ಲೆಕ್ಕಕ್ಕೆ ಅದು ಇಕ್ಕಟ್ಟಾದ ಜಾಗ. ಮೇಲಾಗಿ, ಕಾವಲಿಲ್ಲದ ಎರಿಗಳಿಗೆ ಮೇಣದ ಹುಳು ಬೀಳುವುದು ಬಹು ಬೇಗ. ಆದ್ದರಿಂದ ಮರಿ ಬೆಳೆದು ಕಪ್ಪಾಗಿರುವ ಒಂದೇ ಎರಿಯನ್ನು ಒಂದು ಬದಿಗೆ ಇಟ್ಟು, ಉಳಿದ ಚೌಕಟ್ಟುಗಳಿಗೆ ಮೇಲಂಚಿನಲ್ಲಿ ಮೇಣದ ಹಾಳೆಯ ಕಿರುಪಟ್ಟಿಯನ್ನಷ್ಟೇ ಅಂಟಿಸಿ. ಆ ಎರಿ ರೋಗವಿಲ್ಲದ ಕುಟುಂಬದ್ದೆಂದು ಖಚಿತವಿರಬೇಕು, ಏಕೆಂದರೆ ಜೇನುಮರಿಗಳನ್ನು ಕೊಲ್ಲುವ ಅಮೆರಿಕನ್ ಫೌಲ್‌ಬ್ರೂಡ್ ರೋಗದ ಬೀಜಾಣುಗಳು ಹಳೆಯ ಎರಿಯಲ್ಲಿ ದಶಕಗಳ ಕಾಲ ಉಳಿಯಬಲ್ಲವು. ಜೇನುತುಪ್ಪವಿರುವ ಎರಿಯನ್ನಂತೂ ಇಡಲೇಬೇಡಿ. ಅದು ಇರುವೆಗಳನ್ನೂ ತುಪ್ಪ ಕದಿಯುವ ನೊಣಗಳನ್ನೂ ಕರೆತರುತ್ತದೆ.

ಮೆಲ್ಲಿಫೆರಾ ಹಿಂಡುಗಳು ಸುಮಾರು 40 ಲೀಟರ್ ಪೊಟರೆಯನ್ನು ಮೆಚ್ಚುತ್ತವೆಂದು ಅಮೆರಿಕದ ವಿಜ್ಞಾನಿ ಥಾಮಸ್ ಸೀಲಿ ಅವರ ಪ್ರಯೋಗಗಳು ತೋರಿಸಿವೆ. ಒಳ ಅಳತೆ 30, 30 ಮತ್ತು 45 ಸೆಂಟಿಮೀಟರ್ ಇದ್ದರೆ ಸರಿಹೋಗುತ್ತದೆ. ನಮ್ಮ ನಾಡಿನ ಸಣ್ಣ ಜೇನಾದ ತುಡುವೆಗೆ ಇದರ ಅರ್ಧದಷ್ಟೂ ಬೇಕಾಗುವುದಿಲ್ಲ. ಬಾಗಿಲು ತಳದ ಸಮೀಪ, 4 ಸೆಂಟಿಮೀಟರ್ ವ್ಯಾಸದ ಒಂದೇ ತೂತಾಗಿರಲಿ. ಹಕ್ಕಿಗಳು ಒಳನುಗ್ಗದಂತೆ ಅದಕ್ಕೆ ಅಡ್ಡಲಾಗಿ ಒಂದು ಮೊಳೆ ಸಾಕು. ಉಳಿದ ಬಿರುಕುಗಳನ್ನೆಲ್ಲ ಮುಚ್ಚಿ. ನಿಂಬೆಹುಲ್ಲಿನ ಎಣ್ಣೆಯ ವಾಸನೆ ಕೆಲಸದ ನೊಣಗಳು ತಮ್ಮವರನ್ನು ಕರೆಯಲು ಹೊರಸೂಸುವ ಗಂಧವನ್ನು ಹೋಲುವುದರಿಂದ, ಬಾಗಿಲಿನ ಒಳಬದಿಗೆ ಕೆಲವು ಹನಿ ಸವರಬಹುದು. ಅತಿಯಾಗಿ ಸುರಿಯುವುದು ಬೇಡ.

ಎತ್ತರ ಸುಮಾರು 5 ಮೀಟರ್ ಇದ್ದರೆ ಅವುಗಳಿಗೆ ಇಷ್ಟ. ಆದರೆ ನೊಣ ತುಂಬಿದ ಪೆಟ್ಟಿಗೆಯನ್ನು ಹೊತ್ತು ಏಣಿಯಿಂದ ಇಳಿಯುವುದು ನಿಜಕ್ಕೂ ಅಪಾಯಕಾರಿ. ಸುರಕ್ಷಿತವಾಗಿ ಕೈಗೆಟುಕುವಷ್ಟು ಎತ್ತರದಲ್ಲಿ, ನೆರಳಿನಲ್ಲಿ, ಅಲುಗಾಡದಂತೆ ಕಟ್ಟುವುದನ್ನೇ ನಾನು ಒಪ್ಪುತ್ತೇನೆ.

ಈಗ ಇಣುಕುತ್ತಿರುವ ನೊಣಗಳನ್ನು ಗಮನವಿಟ್ಟು ನೋಡಿ. ಬಾಗಿಲಿನ ಸುತ್ತ ಹಾರಾಡುತ್ತ, ಹೊರಗೋಡೆಯನ್ನೂ ಪರೀಕ್ಷಿಸುತ್ತ ಮತ್ತೆ ಮತ್ತೆ ಒಳಹೊಕ್ಕು ಬರುವವು ಶೋಧಕಗಳಾಗಿರಬಹುದು. ಅವುಗಳ ಸಂಖ್ಯೆ ಏರುತ್ತಿದ್ದರೆ ಪೆಟ್ಟಿಗೆಯನ್ನು ಮುಟ್ಟದೆ ಕಾಯಿರಿ. ಕಾಲಿನಲ್ಲಿ ಪರಾಗದ ಉಂಡೆ ಹೊತ್ತ ನೊಣಗಳು ಸಾಲಾಗಿ ಒಳಹೋಗತೊಡಗಿದರೆ ಹಿಂಡು ನೆಲೆಸಿದೆಯೆಂದೇ ತಿಳಿಯಿರಿ. ಆಗ ತಡಮಾಡದೆ, ಕತ್ತಲಾಗಿ ನೊಣಗಳೆಲ್ಲ ಒಳಸೇರಿದ ಮೇಲೆ, ಬಾಗಿಲನ್ನು ಗಾಳಿಯಾಡುವ ಜಾಲರಿಯಿಂದ ಮುಚ್ಚಿ, ಹೊಸ ಎರಿ ಮುರಿಯದಂತೆ ನೆಟ್ಟಗೆ ಹಿಡಿದು ಸಾಗಿಸಿ.