ಎರಡನೇ ಆಲ್ಬಮ್ಮಿನಲ್ಲಾದರೂ ಮಾತು ಕೇಳಿಸಲಿ

ಹುಬ್ಬಳ್ಳಿ ವಿದ್ಯಾನಗರದ ಓದುಗರೊಬ್ಬರ ಪ್ರಶ್ನೆ: ನಮ್ಮದು ನಾಲ್ವರ ಕನ್ನಡ ರಾಕ್ ಬ್ಯಾಂಡ್. ಮೊದಲ ಆಲ್ಬಮ್ ಕೇಳಿದವರೆಲ್ಲ ‘ಮ್ಯೂಸಿಕ್ ಚಲೋ ಐತಿ, ಹಾಡಿನ ಮಾತ ತಿಳಿಯೂದಿಲ್ಲ’ ಅಂದರು. ಎರಡನೆಯದನ್ನು ಬಾಡಿಗೆ ಮನೆಯ ಹಾಲ್‌ನಲ್ಲೇ ರೆಕಾರ್ಡ್ ಮಾಡಿ, ಮಿಕ್ಸಿಂಗನ್ನು ಬೆಂಗಳೂರಿನಲ್ಲಿ ಮಾಡಿಸುವವರಿದ್ದೇವೆ. ದುಬಾರಿ ಮೈಕ್ ಕೊಳ್ಳಬೇಕೇ?

ಸಂಪಾದಕರ ಉತ್ತರ: ಮೈಕ್ ಆಮೇಲೆ ನೋಡೋಣ. ನಿಮ್ಮ ಮಾತನ್ನು ನುಂಗುತ್ತಿರುವುದು ಬಹುಶಃ ಗಿಟಾರ್. ವ್ಯಂಜನಗಳು, ಅದರಲ್ಲೂ ಒತ್ತಕ್ಷರಗಳು, ಬಿಡಿಸಿ ಕೇಳುವುದು ಹೆಚ್ಚುಕಡಿಮೆ 2ರಿಂದ 5 ಕಿಲೋಹರ್ಟ್ಸ್ ನಡುವೆ. ಡಿಸ್ಟಾರ್ಷನ್ ಗಿಟಾರ್ ಅಬ್ಬರಿಸುವುದೂ ಅಲ್ಲೇ. ವೇದಿಕೆಯ ಮೇಲೆ ಚಂದ ಅನಿಸುವ ಗೇನ್, ಅಂದರೆ ಆಂಪ್ಲಿಫೈಯರ್ ದನಿಯನ್ನು ಒರಟಾಗಿಸುವ ಮಟ್ಟ, ರೆಕಾರ್ಡಿಂಗ್‌ನಲ್ಲಿ ಮರಳಿನ ಹಾಗೆ ಎಲ್ಲ ಸಂದಿಯನ್ನೂ ತುಂಬಿಬಿಡುತ್ತದೆ. ಗೇನನ್ನು ಮೂರರಲ್ಲೊಂದು ಪಾಲು ಇಳಿಸಿ, ಅದೇ ರಿಫ್ಫನ್ನು (ಮರುಕಳಿಸುವ ಗಿಟಾರ್ ತುಣುಕು) ಎರಡು ಸಲ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿ. ನಡುವಿನ ಜಾಗ ಹಾಡುಗಾರರಿಗೆ ಉಳಿಯುತ್ತದೆ. ಒಂದೇ ಟೇಕನ್ನು (ಒಂದು ಸಲದ ರೆಕಾರ್ಡಿಂಗ್) ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅದು ಮತ್ತೆ ನಡುವಿಗೇ ಬಂದು ಕೂರುತ್ತದೆ; ಆ ಕಳ್ಳದಾರಿ ಬೇಡ.

ಹಾಡುವ ದನಿಯ ಮಾತಿಗೆ ಬಂದರೆ, 1991ರ ‘ನೆವರ್‌ಮೈಂಡ್’ ಅಮೆರಿಕದ ನಿರ್ವಾಣ ರಾಕ್ ಬ್ಯಾಂಡಿನ ಎರಡನೇ ಸ್ಟುಡಿಯೋ ಆಲ್ಬಮ್. ಅದರಲ್ಲಿ ಪ್ರೊಡ್ಯೂಸರ್ ಬುಚ್ ವಿಗ್ ಅವರು ಗಾಯಕ ಕರ್ಟ್ ಕೋಬೇನ್ ಅವರಿಂದ ಒಂದೇ ಸಾಲನ್ನು ಎರಡೆರಡು ಸಲ ಹಾಡಿಸಿ ಜೋಡಿಸಿದ್ದರು. ನೀವೂ ಮಾಡಬಹುದು, ಆದರೆ ಪಲ್ಲವಿಗಷ್ಟೇ. ಎರಡು ಟೇಕ್‌ಗಳ ‘ಟ್ಟ’, ‘ಕ್ಷ’ ಹಿಂದೆಮುಂದೆ ಆದರೆ ಇದ್ದ ಸ್ಪಷ್ಟತೆಯೂ ಹೋಗುತ್ತದೆ. ಎರಡನೇ ಟೇಕಿನಲ್ಲಿ ವ್ಯಂಜನಗಳನ್ನು ಬೇಕಂತಲೇ ಮೆತ್ತಗೆ ಹಾಡಿ, ಮಿಕ್ಸ್‌ನಲ್ಲಿ ಅದನ್ನು 6ರಿಂದ 8 ಡೆಸಿಬೆಲ್ ಕೆಳಗಿಡಿ.

ಇನ್ನು ಹಾಲ್. ಗೋಡೆಗೆಲ್ಲ ಕೌದಿ ತೂಗುಹಾಕಿದರೆ ಚಪ್ಪಾಳೆಯ ಕಟಕಟ ನಿಲ್ಲುತ್ತದೆ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಗುಂಯ್‌ಗುಡುವಿಕೆ ನಿಲ್ಲುವುದಿಲ್ಲ. ಅದಕ್ಕೆ ಮೂಲೆಗಳಲ್ಲಿ ಕನಿಷ್ಠ 4 ಇಂಚು ದಪ್ಪದ ರಾಕ್‌ವೂಲ್ (ದನಿ ಹೀರುವ ಕಲ್ಲುನಾರಿನ ಹಾಸು) ಬೇಕು. ಡ್ರಮ್‌ಗೆ ಹೊಸ ಹೆಡ್ (ಬಾರಿಸುವ ಹೊದಿಕೆ) ಹಾಕಿ ಶ್ರುತಿ ಮಾಡಿ. ಡ್ರಮ್‌ಗಳ ಮೇಲ್ಗಡೆ ನಿಲ್ಲಿಸುವ ಎರಡು ಮೈಕ್‌ಗಳನ್ನು ಕಣ್ಣಂದಾಜಿನಲ್ಲಿ ಇಡಬೇಡಿ: ಸ್ನೇರ್‌ನ (ಚುರುಕಾಗಿ ಸದ್ದು ಮಾಡುವ ಚಿಕ್ಕ ಡ್ರಮ್) ನಡುವಿನಿಂದ ದಾರ ಹಿಡಿದು ಎರಡಕ್ಕೂ ಒಂದೇ ಅಳತೆ ಬರಬೇಕು. ಒಂದು ಅಡಿ ವ್ಯತ್ಯಾಸವಾದರೆ ದನಿ ಸುಮಾರು 0.9 ಮಿಲಿಸೆಕೆಂಡ್ ತಡವಾಗಿ ತಲುಪಿ, ಸ್ನೇರ್ ಸೊರಗಿದಂತೆ ಕೇಳುತ್ತದೆ.

ಹಾಡನ್ನು ಹಾಲ್‌ನಲ್ಲಿ ಬೇಡ, ಬಟ್ಟೆ-ಹಾಸಿಗೆ ತುಂಬಿದ ಕೋಣೆಯಲ್ಲಿ ರೆಕಾರ್ಡ್ ಮಾಡಿ. ಬಾಯಿಂದ ಮೈಕಿಗೆ ಒಂದು ಗೇಣು, ನಡುವೆ ಉಸಿರಿನ ರಭಸ ತಡೆಯುವ ಪಾಪ್ ಫಿಲ್ಟರ್, ಫ್ಯಾನ್ ಬಂದ್. ಈಗಿರುವ ಮೈಕ್ ಇಷ್ಟಕ್ಕೆ ಸಾಕು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಹಮ್ (ಗುಂಯ್ ಎನ್ನುವ ಕರೆಂಟಿನ ಸದ್ದು) ನಿಂತರೆ ಅದು ಅರ್ಥಿಂಗ್ ತೊಂದರೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಆಂಪಿನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ, ಶಾಕ್ ಹೊಡೆದು ಜೀವಕ್ಕೇ ಅಪಾಯ.

ಬೆಂಗಳೂರಿಗೆ ಕಳಿಸುವಾಗ ಪ್ರತಿ ಟ್ರ್ಯಾಕೂ ಹಾಡಿನ ಮೊದಲಿನಿಂದಲೇ ಶುರುವಾಗಲಿ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್ ಇರಲಿ. ಆಂಪಿನ ದನಿಯ ಜೊತೆಗೆ ಗಿಟಾರ್‌ನ ಡಿಐ ಟ್ರ್ಯಾಕನ್ನೂ (ಆಂಪ್ ಇಲ್ಲದೆ ನೇರವಾಗಿ ಹಿಡಿದ ದನಿ) ಕೊಡಿ, ಗೇನ್ ಹೆಚ್ಚಾಗಿದ್ದರೆ ಮತ್ತೆ ಆಂಪಿಗೆ ಹಾಯಿಸಬಹುದು. ಮೊದಲ ಮಿಕ್ಸ್ ಬಂದಾಗ, ಹಾಡು ಗೊತ್ತಿಲ್ಲದ ಇಬ್ಬರನ್ನು ಕೂರಿಸಿ, ಫೋನ್ ಸ್ಪೀಕರಿನಲ್ಲಿ ಕೇಳಿಸಿ, ಸಾಲುಗಳನ್ನು ಬರೆದುಕೊಳ್ಳಲು ಹೇಳಿ. ಇಬ್ಬರೂ ತಪ್ಪಿದ ಪದವನ್ನಷ್ಟೇ 1ರಿಂದ 2 ಡೆಸಿಬೆಲ್ ಏರಿಸಲು ಎಂಜಿನಿಯರ್‌ಗೆ ನಿಮಿಷ-ಸೆಕೆಂಡ್ ಸಮೇತ ಬರೆದು ಕಳಿಸಿ.